ನೆಲವಿಲ್ಲದ ಗುರು
(ಗುರುಗುಂಟಾದಲ್ಲಿ ಶಿಕ್ಷಕರ ಮತ್ತು ನಾಗರಿಕರ ಮುಂದೆ ಮಾಡಿದ ಭಾಷಣ)



ಈ ಹೊತ್ತಿನ ಭಾಷಣಕ್ಕೆ ಗುರುಗ್ರಹವೇ ವಿಷಯವೆಂದು ತಿಳಿದಾಗ, ಊರ ಹೆಸರಿನಲ್ಲಿ ಗುರು ಇರುವನೆಂದು ಈ ಆಯ್ಕೆಯೇ ಎಂದು ಕೆಲವರು ನಗುತ್ತ ಕೇಳಿದರು. ಹೆಸರಿನ ನಂಟು ತಾನಾಗಿ ಒದಗಿದ್ದು, ಕಾರಣ ಬೇರೆ. ಆಕಾಶದ ಗ್ರಹಗಳಲ್ಲಿ ನಮ್ಮ ಮನೆಮಾತಿನೊಳಗೆ ನಿತ್ಯವೂ ಓಡಾಡುವವರು ಇಬ್ಬರು, ಶನಿ ಮತ್ತು ಗುರು. ಒಬ್ಬನನ್ನು ಬೈಯುತ್ತೇವೆ, ಇನ್ನೊಬ್ಬನನ್ನು ಬೇಡುತ್ತೇವೆ. ಮಗಳ ಲಗ್ನಕ್ಕೆ ಗುರುಬಲ ಬಂದಿತೇ ಎಂದು ವಿಚಾರಿಸದ ಮನೆಗಳು ಈ ಸೀಮೆಯಲ್ಲಿ ವಿರಳ. ಆದರೆ ಆ ಗುರು ಎಂಥವನು, ಏತರಿಂದ ಆದವನು, ಅವನ ಮೇಲೆ ಇಳಿದರೆ ಕಾಲಿಗೆ ಏನು ತಾಗೀತು ಎಂದು ವಿಚಾರಿಸುವವರು ಇನ್ನೂ ವಿರಳ. ಕಾಲಿಗೆ ಏನೂ ತಾಗದು, ಅವನಲ್ಲಿ ನೆಲವೇ ಇಲ್ಲ, ಎಂಬುದನ್ನು ತಮ್ಮ ಮುಂದೆ ವಿಸ್ತರಿಸಿ ಹೇಳುವುದೇ ನನ್ನ ಇಂದಿನ ಉದ್ದೇಶ.

ಮೊದಲು ಪಂಚಾಂಗಕ್ಕೆ ನ್ಯಾಯ ಸಲ್ಲಿಸಿ ಮುಂದೆ ಹೋಗೋಣ. ವಿಜ್ಞಾನದ ಹೆಸರೆತ್ತಿದ ಕೂಡಲೆ ಪಂಚಾಂಗವನ್ನು ಹಳಿಯುವುದು ಕೆಲವು ವಿದ್ಯಾವಂತರಿಗೆ ರೂಢಿಯಾಗಿದೆ. ಅದು ಅರ್ಧ ತಿಳಿದವರ ಮಾತು. ಕ್ರಿ. ಶ. 499ರಲ್ಲಿ ಆರ್ಯಭಟನು ಒಂದು ಮಹಾಯುಗದ 43,20,000 ವರ್ಷಗಳಲ್ಲಿ ಗುರುವು 3,64,224 ಪ್ರದಕ್ಷಿಣೆ ಮಾಡುವನೆಂದು ಎಣಿಕೆ ಕೊಟ್ಟಿದ್ದಾನೆ. ಭಾಗಿಸಿ ನೋಡಿರಿ: ಒಂದು ಸುತ್ತಿಗೆ 11.86 ವರ್ಷ ಬರುತ್ತದೆ. ಇಂದಿನ ಖಗೋಲಜ್ಞರ ಲೆಕ್ಕವೂ ಅದೇ. ದೂರದರ್ಶಕವಿಲ್ಲದೆ, ಬರಿಗಣ್ಣಿನಿಂದ, ತಲೆಮಾರುಗಳ ತಾಳ್ಮೆಯಿಂದ ದೊರಕಿಸಿದ ಸಂಖ್ಯೆಯಿದು.

ಈ ಹನ್ನೆರಡು ವರ್ಷದ ಸುತ್ತು ನಮ್ಮ ಬಾಳಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ನಾವೇ ಮರೆತಿದ್ದೇವೆ. ಪ್ರಭವ ವಿಭವ ಮೊದಲಾದ ಅರುವತ್ತು ಸಂವತ್ಸರಗಳು ಮೂಲದಲ್ಲಿ ಗುರುವಿನ ಐದು ಸುತ್ತುಗಳೇ. ಅವನು ಒಂದು ರಾಶಿಯನ್ನು ದಾಟಲು ಹಿಡಿಯುವ ಕಾಲ 361 ದಿನ. ನಮ್ಮ ವರ್ಷಕ್ಕಿಂತ ನಾಲ್ಕು ದಿನ ಕಡಿಮೆಯಾದುದರಿಂದ ಸುಮಾರು 85 ವರ್ಷಕ್ಕೆ ಒಂದು ಸಂವತ್ಸರವನ್ನು ಬಿಟ್ಟು ಎಣಿಸಬೇಕಾಗುತ್ತದೆ. ಉತ್ತರ ಹಿಂದುಸ್ಥಾನದವರು ಹಾಗೆಯೇ ಬಿಟ್ಟು ಎಣಿಸುತ್ತಾರೆ. ನಾವು ದಕ್ಷಿಣದವರು ಆ ಲೋಪವನ್ನು ಕೈಬಿಟ್ಟು ವರ್ಷಕ್ಕೊಂದರಂತೆ ಹೆಸರಿಡುತ್ತ ಬಂದೆವು. ಹೀಗಾಗಿ ಶಿಲಾಶಾಸನಗಳಲ್ಲಿ ನಾವು ಓದುವ ಸಂವತ್ಸರಗಳ ಹೆಸರು ಗುರುವಿನದು, ಓಟ ಸೂರ್ಯನದು.

ಪುಷ್ಕರಗಳ ಮಾತೂ ಹೀಗೆಯೇ. ಗುರುವು ಕನ್ಯಾರಾಶಿಯನ್ನು ಹೊಕ್ಕಾಗ ಕೃಷ್ಣೆಗೆ, ಮಕರವನ್ನು ಹೊಕ್ಕಾಗ ತುಂಗಭದ್ರೆಗೆ ಪುಷ್ಕರ. ಈ ಎರಡು ಹೊಳೆಗಳ ನಡುವಣ ದೋಆಬಿನಲ್ಲಿ ಬಾಳುವ ನಮಗೆ ಎರಡೂ ನಮ್ಮವೇ. 2016ರ ಅಗಸ್ಟ 12ರಂದು ಕೃಷ್ಣಾ ಪುಷ್ಕರ ಆರಂಭವಾದಾಗ ನದಿಯ ದಂಡೆಯುದ್ದಕ್ಕೂ ಜನರು ನೀರಿಗಿಳಿದರು. ಅದಕ್ಕೆ ಮೂವತ್ತೆಂಟು ದಿನ ಮೊದಲು, ನಮ್ಮ ಗಡಿಯಾರದ ಪ್ರಕಾರ ಜುಲೈ 5ರ ಬೆಳಗಿನಲ್ಲಿ, ಅಮೇರಿಕೆಯ ಜೂನೋ ಎಂಬ ನೌಕೆಯು ಐದು ವರ್ಷ ಪಯಣಿಸಿ ಅದೇ ಗುರುವಿನ ಸುತ್ತ ಕಟ್ಟು ಹಾಕಿಕೊಂಡಿತು. ಒಂದೇ ಗ್ರಹ, ಒಂದೇ ಮುಂಗಾರು. ಜಲದುರ್ಗದ ಕೆಳಗೆ ಹರಿಯುವ ನೀರಿನಲ್ಲಿ ಮುಳುಗೆದ್ದವರಲ್ಲಿ ಎಷ್ಟು ಜನರಿಗೆ ಆ ಎರಡನೆಯ ಸುದ್ದಿ ಕನ್ನಡದಲ್ಲಿ ತಲುಪಿದ್ದಿತು? ಈ ಪ್ರಶ್ನೆಗೆ ಮತ್ತೆ ಬರುವೆನು.

ಈಗ ಗುರುವಿನ ಗಾತ್ರ. ಕೋಟಿಗಳ ಸಂಖ್ಯೆ ಕಿವಿಯಲ್ಲಿ ನಿಲ್ಲುವುದಿಲ್ಲ. ಹೊಲದ ಅಳತೆಯಲ್ಲಿ ಹೇಳುತ್ತೇನೆ. ಭೂಮಿಯನ್ನು ಒಂದು ಕಡಲೆಕಾಳೆಂದು ತಿಳಿಯಿರಿ. ಆಗ ಗುರುವು ಒಂದು ಬೇಲದ ಹಣ್ಣು. ಸೂರ್ಯನು ಎರಡು ಮೊಳ ಅಡ್ಡಳತೆಯ ಹೆಡಿಗೆ. ಹೆಡಿಗೆಯನ್ನು ಇಲ್ಲಿ ಇಟ್ಟರೆ ಕಡಲೆಕಾಳನ್ನು ಅರ್ಧ ಫರ್ಲಾಂಗಿಗೆ ಸ್ವಲ್ಪ ಈಚೆಗೆ ಇಡಬೇಕು. ಬೇಲದ ಹಣ್ಣನ್ನು ಎರಡೂವರೆ ಫರ್ಲಾಂಗು ಆಚೆಗೆ ಒಯ್ದು ಇಡಬೇಕು. ಸೂರ್ಯನಿಂದ ಅವನ ನಿಜವಾದ ದೂರ ಸುಮಾರು 48 ಕೋಟಿ ಮೈಲು. ಬೆಳಕಿಗೇ 43 ನಿಮಿಷದ ದಾರಿ. 1,300 ಭೂಮಿಗಳನ್ನು ಅವನ ಹೊಟ್ಟೆಯಲ್ಲಿ ತುಂಬಬಹುದು. ಆದರೆ ತೂಗಿದರೆ 318 ಭೂಮಿಗಳಷ್ಟೇ ತೂಗುತ್ತಾನೆ. ಉಳಿದ ಏಳು ಗ್ರಹಗಳನ್ನು ಒಟ್ಟಿಗೆ ತಕ್ಕಡಿಗೆ ಹಾಕಿದರೂ ಅವನ ಅರ್ಧವಾಗದೆಂಬುದು ನಿಜ. ಆದರೂ ಗಾತ್ರಕ್ಕೆ ತಕ್ಕ ತೂಕವಿಲ್ಲ. ನೀರಿಗಿಂತ ಮೂರರಲ್ಲೊಂದು ಪಾಲು ಮಾತ್ರ ಹೆಚ್ಚು ಸಾಂದ್ರ. ಕಲ್ಲುಮಣ್ಣಿನ ಗ್ರಹವಾಗಿದ್ದರೆ ಇದು ಸಾಧ್ಯವಿರಲಿಲ್ಲ. ಜಲಜನಕ ಮತ್ತು ಹೀಲಿಯಮ್ ಎಂಬ ಎರಡು ಹಗುರ ಅನಿಲಗಳೇ ಅವನ ಮೈಯ ಬಹುಪಾಲು. ಅವೇ ಸೂರ್ಯನ ಸಾಮಗ್ರಿಯೂ ಹೌದು. ಹಾಗಾದರೆ ಗುರುವೇಕೆ ಸೂರ್ಯನಾಗಲಿಲ್ಲ ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ಒಡಲಲ್ಲಿ ಆ ಒಲೆ ಹೊತ್ತಬೇಕಾದರೆ ಈಗಿರುವುದರ ಸುಮಾರು ಎಂಬತ್ತು ಪಾಲು ದ್ರವ್ಯ ಬೇಕು. ಅಷ್ಟು ದೊರೆಯಲಿಲ್ಲ. ಆದರೂ ಹುಟ್ಟಿದಾಗಿನ ಕಾವು ಇನ್ನೂ ಆರಿಲ್ಲ. ಸೂರ್ಯನಿಂದ ಹೀರಿಕೊಳ್ಳುವುದರ ಸುಮಾರು ಇಮ್ಮಡಿ ಶಾಖವನ್ನು ಹೊರಗೆ ಸೂಸುತ್ತಾನೆ.

ಇನ್ನು ನೆಲದ ಮಾತು. ಇಲ್ಲಿಗೆ ಸಮೀಪದ ಹಟ್ಟಿಯಲ್ಲಿ ಚಿನ್ನದ ಗಣಿಗೆ ಇಳಿಯುವವರನ್ನು ತಾವು ಬಲ್ಲಿರಿ. ಈ ಸಭೆಯಲ್ಲಿಯೇ ಅಂಥವರ ಮನೆಯವರು ಇರಬಹುದು. ಸಾವಿರಾರು ಅಡಿ ಇಳಿದಂತೆ ಸೆಕೆ ಏರುತ್ತದೆ, ತಲೆಯ ಮೇಲಿನ ಬಂಡೆಯ ಭಾರ ಏರುತ್ತದೆ. ಆದರೆ ಎಲ್ಲಿ ನಿಂತರೂ ಕಾಲಡಿಗೆ ಕಲ್ಲಿದೆ. ಗುರುವಿನಲ್ಲಿ ಸೆಕೆ ಏರುವುದು, ಭಾರ ಏರುವುದು ಇವೆರಡೂ ಉಂಟು. ಕಾಲಡಿಯ ಕಲ್ಲು ಮಾತ್ರ ಇಲ್ಲ. ನಾವು ದೂರದರ್ಶಕದಲ್ಲಿ ಕಾಣುವುದು ಅಮೋನಿಯದ ಮಂಜುಹರಳುಗಳ ಮೋಡದ ಮೇಲ್ಮೈ. ಅದರ ಕೆಳಗೆ ಗಂಧಕ ಬೆರೆತ ಮೋಡ, ಅದರ ಕೆಳಗೆ ನೀರಿನ ಮೋಡ. ಅದಕ್ಕೂ ಕೆಳಗೆ ಅನಿಲವು ಒತ್ತಡದಿಂದ ದಟ್ಟವಾಗುತ್ತ, ಇಲ್ಲಿ ಗಾಳಿ ಮುಗಿಯಿತು ಇಲ್ಲಿ ದ್ರವ ಮೊದಲಾಯಿತು ಎಂದು ಗೆರೆ ಎಳೆಯಲು ಆಸ್ಪದವಿಲ್ಲದಂತೆ ದ್ರವವಾಗುತ್ತದೆ. ಇನ್ನೂ ಆಳದಲ್ಲಿ, ನಮ್ಮ ವಾಯುಭಾರದ ಹತ್ತಿಪ್ಪತ್ತು ಲಕ್ಷ ಪಟ್ಟು ಒತ್ತಡದಲ್ಲಿ, ಜಲಜನಕವು ಲೋಹದಂತೆ ವಿದ್ಯುತ್ತನ್ನು ಹರಿಸತೊಡಗುತ್ತದೆ. ಹೀಗಾಗಬಹುದೆಂದು 1935ರಲ್ಲಿ ವಿಗ್ನರ್ ಮತ್ತು ಹಂಟಿಂಗ್ಟನ್ ಎಂಬ ವಿದ್ವಾಂಸರು ಕಾಗದದ ಮೇಲೆ ಲೆಕ್ಕಹಾಕಿ ತೋರಿಸಿದ್ದರು. ಗುರುವಿನ ಪ್ರಚಂಡ ಕಾಂತಶಕ್ತಿ ಹುಟ್ಟುವುದು ಈ ಲೋಹದ ಕಡಲಿನಲ್ಲಿ. ಕಟ್ಟಕಡೆಗಾದರೂ ನಡುವೆ ಗಟ್ಟಿಯಾದ ಬೀಜವಿದ್ದೀತೆಂದು ಬಹುದಿನ ನಂಬಿದ್ದರು. ಜೂನೋ ನೌಕೆಯು ಗುರುತ್ವದ ಸೂಕ್ಷ್ಮ ಅಳತೆ ತೆಗೆದು, ಭಾರವಾದ ದ್ರವ್ಯವು ಅಲ್ಲಿ ಗಂಟಾಗಿ ಕುಳಿತಿಲ್ಲ, ಗಂಜಿಯಲ್ಲಿ ಕದಡಿದ ಹಿಟ್ಟಿನಂತೆ ಬಹುದೂರದವರೆಗೆ ಹರಡಿದೆಯೆಂದು ತೋರಿಸಿತು. ಬೇಲದ ಹಣ್ಣಿನ ಹೋಲಿಕೆ ಗಾತ್ರಕ್ಕೆ ಸರಿ, ಒಳಗಿನದಕ್ಕೆ ಸಲ್ಲದು. ಓಟೆಯೂ ಇಲ್ಲ, ಬೀಜವೂ ಇಲ್ಲ.

ಅಲ್ಲಿಗೆ ಇಳಿದು ನೋಡಿದ ಯಂತ್ರವೊಂದು ಉಂಟು. 1995ರ ಡಿಸೆಂಬರ 7ರಂದು ಗೆಲಿಲಿಯೋ ಎಂಬ ನೌಕೆಯಿಂದ ಬೇರ್ಪಟ್ಟ ಶೋಧಕವು ಗಂಟೆಗೆ ಒಂದು ಲಕ್ಷ ಮೈಲಿಗೂ ಮಿಕ್ಕ ವೇಗದಿಂದ ಗುರುವಿನ ವಾಯುಮಂಡಲವನ್ನು ಹೊಕ್ಕು, ಕೊಡೆ ಬಿಚ್ಚಿ, ಸುಮಾರು 58 ನಿಮಿಷ ವರದಿ ಕಳಿಸಿತು. 95 ಮೈಲು ಇಳಿಯುವಷ್ಟರಲ್ಲಿ ಸುತ್ತಣ ಒತ್ತಡ ನಮ್ಮ ಗಾಳಿಯ ಇಪ್ಪತ್ತೆರಡು ಪಟ್ಟು, ಶಾಖ ಕುದಿನೀರಿಗಿಂತ ಬಹಳ ಹೆಚ್ಚು. ಅಲ್ಲಿಗೆ ಮಾತು ನಿಂತಿತು. ಆ 95 ಮೈಲು ನಮ್ಮ ಬೇಲದ ಹಣ್ಣಿನ ಲೆಕ್ಕದಲ್ಲಿ ಸಿಪ್ಪೆಯ ಮೇಲಿನ ಧೂಳು ಮಾತ್ರ. ಒಂದು ವಿನೋದವೂ ನಡೆಯಿತು. ನಿರೀಕ್ಷಿಸಿದಷ್ಟು ನೀರಿನ ಹಬೆ ಆ ಶೋಧಕಕ್ಕೆ ಸಿಗಲಿಲ್ಲ. ಅದು ಇಳಿದ ಜಾಗ ಮೋಡಗಳ ನಡುವಣ ಒಣ ಕಂಡಿಯಾಗಿತ್ತೆಂದು ಆಮೇಲೆ ತಿಳಿಯಿತು. ಮಸ್ಕಿಯ ಬೇಸಗೆಯಲ್ಲಿ ಇಳಿದವನೊಬ್ಬ ಆಗುಂಬೆಯಲ್ಲಿಯೂ ಮಳೆಯಿಲ್ಲವೆಂದು ಬರೆದಂತಾಯಿತು! ಗುರುವಿನ ನಡುಪಟ್ಟಿಯಲ್ಲಿ ನೀರು ಹೆಚ್ಚಾಗಿಯೇ ಇದೆಯೆಂಬುದು ಜೂನೋದ ಅಳತೆಗಳಿಂದ 2020ರಲ್ಲಿ ಪ್ರಕಟವಾಯಿತು.

ನೆಲವಿಲ್ಲದ ಕಡೆ ಭೂಗೋಲಶಾಸ್ತ್ರವೂ ಇಲ್ಲ. ಬೆಟ್ಟವಿಲ್ಲ, ಕೊಳ್ಳವಿಲ್ಲ, ಗಡಿಯಿಲ್ಲ. ಗುರುವಿನ ನಕ್ಷೆಯಲ್ಲಿ ಬರೆದಿರುವುದೆಲ್ಲವೂ ಹವೆಯೇ. ಅವನು 9 ಗಂಟೆ 55 ನಿಮಿಷಕ್ಕೆ ಒಮ್ಮೆ ತನ್ನ ಸುತ್ತ ತಾನು ತಿರುಗುತ್ತಾನೆ. ನಮ್ಮ ಒಂದು ಹಗಲಿನೊಳಗೆ ಅಲ್ಲಿ ಹಗಲೂ ಇರುಳೂ ಮುಗಿದಿರುತ್ತವೆ. ಆ ಭರಕ್ಕೆ ನಡು ಉಬ್ಬಿದೆ: ನಡುವಿನ ಅಡ್ಡಳತೆ 88,846 ಮೈಲು, ಧ್ರುವದಿಂದ ಧ್ರುವಕ್ಕೆ 83,082. ಅದೇ ಭರವು ಮೋಡಗಳನ್ನು ಪೂರ್ವಪಶ್ಚಿಮವಾಗಿ ಎಳೆದು ಪಟ್ಟೆಪಟ್ಟೆಯಾಗಿ ಮಾಡಿದೆ. ಇಳಕಲ್ಲ ಸೀರೆಯನ್ನು ನೇಯ್ದವರ ಕಣ್ಣಿಗೆ ಆ ಚಿತ್ರ ಹೊಸದಾಗಿ ತೋರಲಾರದು: ಬಿಳಿಯ ಪಟ್ಟೆ, ಕಂದು ಪಟ್ಟೆ, ಒಂದರ ಪಕ್ಕದಲ್ಲಿ ಇನ್ನೊಂದು, ಗಾಳಿಯ ಓಟ ಒಂದರಲ್ಲಿ ಮೂಡಲಿಗೆ, ಮತ್ತೊಂದರಲ್ಲಿ ಪಡುವಲಿಗೆ. ಈ ಗಾಳಿಗಳು ಮೇಲುಮೇಲಿನವೋ ಆಳದವೋ ಎಂಬ ವಾದಕ್ಕೆ 2018ರಲ್ಲಿ ಉತ್ತರ ದೊರೆಯಿತು. ಅವು ಸುಮಾರು 1,900 ಮೈಲು ಆಳಕ್ಕೆ ಇಳಿದಿವೆ. ಅದರ ಕೆಳಗೆ ಗ್ರಹವು ಒಂದೇ ಮೈಯಾಗಿ ತಿರುಗುತ್ತದೆ.

ತೆಂಕಣ ಅರ್ಧದಲ್ಲಿ ಒಂದು ಕೆಂಪು ಕಲೆ. ಇದೊಂದು ಸುಳಿಗಾಳಿ. ಬಂಗಾಳ ಕೊಲ್ಲಿಯಲ್ಲಿ ಎದ್ದ ಬಿರುಗಾಳಿ ಕರಾವಳಿ ಮುಟ್ಟಿ ನೆಲವನ್ನು ಉಜ್ಜಿದೊಡನೆ ಸೊರಗುವುದು, ನಮ್ಮ ರಾಯಚೂರಿಗೆ ಬರುವಷ್ಟರಲ್ಲಿ ಬರಿಯ ಜಡಿಮಳೆಯಾಗುವುದು ತಮಗೆ ಗೊತ್ತು. ಗುರುವಿನಲ್ಲಿ ಸೊರಗಿಸುವ ನೆಲವಿಲ್ಲ. ಬಗೆಯಲ್ಲಿ ಅದು ನಮ್ಮ ಬಿರುಗಾಳಿಗೆ ವಿಪರೀತ. ಒಳಗೆ ವಾಯುಭಾರ ಕುಸಿಯುವುದಿಲ್ಲ, ಏರುತ್ತದೆ. ಆದರೂ ನೆಲದ ತಡೆಯಿಲ್ಲವೆಂಬ ಕಾರಣ ಅದರ ದೀರ್ಘಾಯುಷ್ಯಕ್ಕೆ ಮುಖ್ಯವಾದುದು. 1831ರಿಂದ ಈ ಕಲೆಯ ದಾಖಲೆಗಳಿವೆ. 1665ರಲ್ಲಿ ಕಾಸಿನಿ ಕಂಡು, 1713ರವರೆಗೆ ಇತರರೂ ಕಂಡ ಕಲೆಯೇ ಇದೆಂದು ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಹಳೆಯ ಚಿತ್ರಗಳನ್ನು ಅಳೆದು ನೋಡಿದವರು 2024ರಲ್ಲಿ, ಅದು ಬೇರೆ, ಇದು ಬೇರೆ ಎಂದು ತೀರ್ಮಾನಿಸಿದ್ದಾರೆ. ಶಾಲಾಪುಸ್ತಕಗಳಲ್ಲಿ ‘ಮುನ್ನೂರು ವರ್ಷದ ಬಿರುಗಾಳಿ’ ಎಂದಿದ್ದರೆ ಮಾಸ್ತರರು ಅಲ್ಲಿ ಒಂದು ಗೆರೆ ಎಳೆಯುವುದು ಒಳ್ಳೆಯದು. ಅದು ಸಣ್ಣದಾಗುತ್ತಲೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದರ ಉದ್ದ 25,000 ಮೈಲಿನಷ್ಟಿತ್ತು, ಮೂರು ಭೂಮಿಗಳನ್ನು ಸಾಲಾಗಿ ಇಡಬಹುದಾಗಿತ್ತು. ಈಗ ಸುಮಾರು 10,000 ಮೈಲು. ಒಂದು ಭೂಮಿಯನ್ನು ಇಟ್ಟು ಸ್ವಲ್ಪ ಉಳಿದೀತು.

ಗುರುವು ಧೂಮಕೇತುಗಳನ್ನು ತಾನು ನುಂಗಿ ನಮ್ಮನ್ನು ಕಾಪಾಡುವನೆಂಬ ಮಾತು ಈಚೆಗೆ ಪತ್ರಿಕೆಗಳಲ್ಲಿ ಬಹಳ. 1994ರ ಜುಲೈಯಲ್ಲಿ ಶೂಮೇಕರ್-ಲೆವಿ ಎಂಬ ಧೂಮಕೇತುವಿನ ಇಪ್ಪತ್ತಕ್ಕೂ ಹೆಚ್ಚು ತುಂಡುಗಳು ಅವನ ಮೇಲೆ ಬಿದ್ದು ಭೂಮಿಯಷ್ಟಗಲದ ಕರಿ ಕಲೆಗಳನ್ನು ಉಳಿಸಿದ್ದು ನಿಜ. ಆದರೆ ಅವನ ಸೆಳೆತವು ಕೆಲವನ್ನು ದೂರ ಎಸೆದಂತೆ ಕೆಲವನ್ನು ನಮ್ಮ ಕಡೆಗೂ ಎಸೆಯುತ್ತದೆಂದು ಲೆಕ್ಕ ಮಾಡಿದವರು ಹೇಳುತ್ತಾರೆ. ಜಾತಕದ ಕೃಪಾಳುವಾದ ಗುರುವೇ ವಿಜ್ಞಾನದ ಅಂಗಿ ತೊಟ್ಟು ಮರಳಿ ಬಂದಂತೆ ಈ ಮಾತು ನನಗೆ ತೋರುತ್ತದೆ.

ಇಲ್ಲಿಗೆ ನನ್ನ ಹಿಂದಿನ ಪ್ರಶ್ನೆಯನ್ನು ಎತ್ತಿಕೊಳ್ಳುವೆನು. ಈ ಸೀಮೆಯು 1948ರ ಸೆಪ್ಟೆಂಬರದವರೆಗೆ ನಿಜಾಮರ ಆಳಿಕೆಯಲ್ಲಿತ್ತೆಂಬುದನ್ನು ತಮಗೆ ಹೇಳಬೇಕಾಗಿಲ್ಲ. ಹೈದರಾಬಾದಿನಲ್ಲಿ 1901ರಲ್ಲಿ ನವಾಬ ಜಫರ್ ಜಂಗರು ಒಂದು ವೇಧಶಾಲೆಯನ್ನು ಸ್ಥಾಪಿಸಿದರು. 1908ರಲ್ಲಿ ಅದು ಸರಕಾರದ್ದಾಯಿತು. ಆಕಾಶದ ಛಾಯಾಚಿತ್ರಪಟವನ್ನು ಸಿದ್ಧಪಡಿಸುವ ಜಾಗತಿಕ ಕಾರ್ಯದಲ್ಲಿ ಅದು ಕೀರ್ತಿಕರವಾದ ಪಾಲು ಪಡೆಯಿತು. ರಾಯಚೂರು, ಕಲಬುರ್ಗಿ, ಬೀದರಗಳ ಕಂದಾಯವೂ ಅದೇ ಬೊಕ್ಕಸಕ್ಕೆ ಹೋಗುತ್ತಿತ್ತು. ಆದರೆ ಅಲ್ಲಿಂದ ಕನ್ನಡದಲ್ಲಿ ಒಂದು ವಾಕ್ಯ ಈ ಕಡೆಗೆ ಬರಲಿಲ್ಲ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿ ಉಚ್ಚಶಿಕ್ಷಣವನ್ನು ಆರಂಭಿಸಿತು. ಭಾಷಾಂತರಕ್ಕೆ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಿ ವಿಜ್ಞಾನಗ್ರಂಥಗಳನ್ನು ತರ್ಜುಮೆ ಮಾಡಿಸಿದರು. ಇದನ್ನು ಹಳಿಯಲು ನಾನು ಹೇಳುತ್ತಿಲ್ಲ. ಇಂಗ್ಲಿಷನ್ನು ಬಿಟ್ಟು ನಮ್ಮ ದೇಶದ ಒಂದು ನುಡಿಯಲ್ಲಿ ಹೊಸ ವಿದ್ಯೆಯನ್ನು ಹೇಳಬಹುದೆಂದು ತೋರಿಸಿಕೊಟ್ಟವರು ಅವರು; ಆ ಧೈರ್ಯಕ್ಕೆ ನಾವು ಕೈಮುಗಿಯಬೇಕು. ದುಃಖದ ಸಂಗತಿಯೆಂದರೆ ಆ ನುಡಿ ಲಿಂಗಸುಗೂರಿನ ಒಕ್ಕಲಮಗನ ನುಡಿಯಾಗಿರಲಿಲ್ಲ. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲ. ನಡುವೆ ಸಂಸ್ಥಾನಗಳ ಗಡಿ ಬೇರೆ.

ಇದರ ಪರಿಣಾಮವೇನಾಯಿತು? ಮನೆಯಲ್ಲಿ ಹುಡುಗನು ‘ಗುರು’ ಎಂಬ ಹೆಸರು ಕೇಳಿದನು. ಶಾಲೆಯಲ್ಲಿ ‘ಮುಶ್ತರಿ’ ಎಂದು ಕಲಿತನು. ಅವನ ಮೊಮ್ಮಗನು ಶಾಲೆಯಲ್ಲಿ ‘ಜುಪಿಟರ್’ ಎಂದು ಕಲಿಯುತ್ತಾನೆ. ಮುಶ್ತರಿಯ ಅಡ್ಡಳತೆಯನ್ನು ಬಾಯಿಪಾಠ ಮಾಡಿದವನಿಗೆ ಗುರುವಿನ ಮೇಲೆ ಸಂದೇಹ ಹುಟ್ಟಲಿಲ್ಲ, ಏಕೆಂದರೆ ಅವೆರಡೂ ಒಂದೇ ಎಂದು ಅವನ ಮನಸ್ಸಿಗೆ ತಟ್ಟಲೇ ಇಲ್ಲ. ಜುಪಿಟರ್ ಅನಿಲದ ಗೋಲವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ ಮಗಳ ಲಗ್ನವನ್ನೇ ಗುರುಬಲವಿಲ್ಲವೆಂದು ಒಂದು ವರ್ಷ ಮುಂದೂಡುತ್ತೇವೆ. ಇಲ್ಲವೆ ಗುರುಬಲ ಕಳೆದುಹೋದೀತೆಂದು ಓದು ಬಿಡಿಸಿ ಅವಸರದಿಂದ ಮಾಡಿ ಮುಗಿಸುತ್ತೇವೆ. ಗುರುವು ಸೂರ್ಯನ ಹತ್ತಿರ ಕಾಣುವ ದಿನಗಳಲ್ಲಿ ಹೊಳಪಿನಲ್ಲಿ ಮರೆಯಾಗುತ್ತಾನೆ. ಸುಮಾರು ಹದಿಮೂರು ತಿಂಗಳಿಗೊಮ್ಮೆ ಅದು ಆಗಲೇಬೇಕು. ಅದಕ್ಕೆ ‘ಗುರುಮೌಢ್ಯ’ವೆಂದು ಹೆಸರಿಟ್ಟು ಶುಭಕಾರ್ಯ ನಿಲ್ಲಿಸುತ್ತೇವೆ. ಪಂಚಾಂಗದ ಎಣಿಕೆ ಸರಿ. ಎಣಿಕೆಗೆ ನಾವು ಕಟ್ಟಿದ ಭಯಕ್ಕೆ ಆಧಾರವಿಲ್ಲ. ಈ ಎರಡನ್ನು ಬಿಡಿಸಿ ತೋರಿಸಬೇಕಾದರೆ ಒಂದೇ ಹೆಸರಿನಿಂದ, ಒಂದೇ ನುಡಿಯಲ್ಲಿ, ಮನೆಯ ಗುರುವನ್ನೂ ಶಾಲೆಯ ಗುರುವನ್ನೂ ಎದುರುಬದುರಾಗಿ ನಿಲ್ಲಿಸಬೇಕು. 1956ರ ನವೆಂಬರ 1ರಂದು ಪ್ರಾಂತಗಳು ಕೂಡಿದುವು. ರಾಯಚೂರಿನ ಮಾಸ್ತರನಿಗೂ ಮೈಸೂರಿನ ಮಾಸ್ತರನಿಗೂ ಒಂದೇ ಪಠ್ಯಪುಸ್ತಕ ದೊರೆಯಿತು. ಕಾಸರಗೋಡಿನಲ್ಲಿಯೂ ಅಕ್ಕಲಕೋಟೆಯಲ್ಲಿಯೂ ಕನ್ನಡ ಶಾಲೆಗಳಿವೆ. ಮಾತು ಒಂದಾಗಲು ಇನ್ನು ಅಡ್ಡಿಯಾದರೂ ಏನು?

ಅಡ್ಡಿಯೆಂದರೆ ನೋಡದಿರುವುದು. ಅಮರೇಶ್ವರನ ಜಾತ್ರೆಗೆ ಬಂದು ಬಯಲಿನಲ್ಲಿ ಮಲಗಿದ ರೈತನ ನೆತ್ತಿಯ ಮೇಲೆ ಗುರು ಬೆಳಗುವ ರಾತ್ರಿಗಳುಂಟು. ಬೇರಾವ ಚಿಕ್ಕೆಯೂ ಅಷ್ಟು ನಿಶ್ಚಲವಾಗಿ, ಮಿನುಗದೆ ಬೆಳಗುವುದಿಲ್ಲ. ಒಂದು ಸಣ್ಣ ದುರ್ಬೀನು ಸಾಕು, 1610ರ ಜನೆವರಿ 7ರಂದು ಗೆಲಿಲಿಯೋ ಕಂಡುದನ್ನು ತಾವೂ ಕಾಣಬಹುದು. ಅಂದು ಅವನಿಗೆ ಗುರುವಿನ ಪಕ್ಕದಲ್ಲಿ ಮೂರು ಚುಕ್ಕೆಗಳು ಕಂಡುವು. ಕೆಲವು ದಿನಗಳಲ್ಲಿ ನಾಲ್ಕಾದುವು. ಅವು ಭೂಮಿಯನ್ನು ಸುತ್ತದೆ ಗುರುವನ್ನು ಸುತ್ತುತ್ತಿದ್ದುವು. ಆಕಾಶದಲ್ಲಿರುವುದೆಲ್ಲವೂ ನಮ್ಮನ್ನೇ ಪ್ರದಕ್ಷಿಣೆ ಮಾಡುವುದೆಂಬ ಯುರೋಪದ ಹಳೆಯ ನಂಬಿಕೆಗೆ ಆ ನಾಲ್ಕು ಚುಕ್ಕೆಗಳು ದೊಡ್ಡ ಪೆಟ್ಟು ಕೊಟ್ಟುವು. 1676ರಲ್ಲಿ ರೋಮರ್ ಎಂಬವನು ಇವುಗಳ ಗ್ರಹಣಗಳು ಭೂಮಿ ದೂರ ಸರಿದಂತೆ ತಡವಾಗುವುದನ್ನು ಗಮನಿಸಿ, ಬೆಳಕಿಗೂ ಪಯಣಕ್ಕೆ ಕಾಲ ಹಿಡಿಯುವುದೆಂದು ತೋರಿಸಿದನು.

ಒಳಗಿನದು ಐಓ, ಗುರುವಿನ ಮತ್ತು ನೆರೆಯ ಚಂದ್ರರ ಎಳೆದಾಟದಲ್ಲಿ ನಾದಿದ ಹಿಟ್ಟಿನಂತೆ ಹಿಸುಕಲ್ಪಟ್ಟು ಕಾದು, ಬೆಂಕಿಬೆಟ್ಟಗಳನ್ನು ಕಾರುತ್ತದೆ. ಇದನ್ನು 1979ರಲ್ಲಿ ವಾಯೇಜರ್ ನೌಕೆ ತೋರಿಸಿತು. ಎರಡನೆಯದಾದ ಯೂರೋಪದ ಹಿಮದ ಹೊದಿಕೆಯ ಕೆಳಗೆ ಕಡಲಿರುವ ಲಕ್ಷಣಗಳಿವೆ. ಅದನ್ನು ಪರೀಕ್ಷಿಸಲೆಂದೇ 2024ರ ಅಕ್ಟೋಬರದಲ್ಲಿ ಒಂದು ನೌಕೆ ಹೊರಟಿತು. ಮೂರನೆಯದು ಗ್ಯಾನಿಮೀಡ್, ಬುಧಗ್ರಹಕ್ಕಿಂತ ದೊಡ್ಡದು. 1972ರ ಜೂನ್ 7ರಂದು ಇದು ಒಂದು ನಕ್ಷತ್ರವನ್ನು ಮರೆಮಾಡಿದಾಗ, ತಮಿಳು ಸೀಮೆಯ ಕಾವಲೂರಿನಲ್ಲಿ ಆಗತಾನೆ ನಿಲ್ಲಿಸಿದ್ದ 40 ಅಂಗುಲದ ದೂರದರ್ಶಕದಿಂದ ನಮ್ಮವರು ಆ ಗಳಿಗೆಯನ್ನು ಅಳೆದರು. ನಕ್ಷತ್ರವು ಥಟ್ಟನೆ ಆರದೆ ಸ್ವಲ್ಪ ಮಬ್ಬಾಗಿ ಆರಿದುದರಿಂದ, ಅಲ್ಲಿ ತೆಳುವಾದ ವಾಯುಪದರವಿದೆಯೆಂದು ಬರೆದರು. ಅವರು ಅಂದುಕೊಂಡುದಕ್ಕಿಂತ ಅದು ಎಷ್ಟೋ ಪಾಲು ವಿರಳವೆಂದು ವಾಯೇಜರ್ ತಿದ್ದಿತು. ಕಾವಲೂರನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆಯ ಮುಖ್ಯ ಕಛೇರಿ ಇರುವುದು ನಮ್ಮ ಬೆಂಗಳೂರಿನಲ್ಲಿಯೇ. ನಾಲ್ಕನೆಯ ಕ್ಯಾಲಿಸ್ಟೋ ಕುಳಿಗಳಿಂದ ತುಂಬಿದ ಹಳೆಯ ಮೈಯದು. ಇವಲ್ಲದೆ ಚಿಕ್ಕವು ತೊಂಬತ್ತಕ್ಕೂ ಮಿಕ್ಕು ಉಂಟು. ಅವುಗಳ ಗೊಡವೆ ನಮಗೆ ಬೇಡ.

ಶಿಕ್ಷಕರಲ್ಲಿ ಒಂದು ಬಿನ್ನಹ. ಗುರು ಸಂಜೆಯ ಆಕಾಶದಲ್ಲಿ ಮೂಡುವ ತಿಂಗಳಲ್ಲಿ ಶಾಲೆಗೊಂದು ದುರ್ಬೀನನ್ನು ಸಂಪಾದಿಸಿ, ಅದನ್ನು ಕಂಬಕ್ಕೋ ಗೋಡೆಗೋ ಅಲುಗಾಡದಂತೆ ಆನಿಸಿ, ಹುಡುಗ ಹುಡುಗಿಯರಿಂದ ಹದಿನೇಳು ಸಂಜೆ ಒಂದೇ ಹೊತ್ತಿಗೆ ಚಿತ್ರ ಬರೆಯಿಸಿರಿ. ನಡುವೆ ಒಂದು ಸೊನ್ನೆ, ಅದರ ಎಡಬಲಕ್ಕೆ ಕಂಡಷ್ಟು ಚುಕ್ಕೆ. ಮೇಲೆ ತಿಥಿ, ತಾರೀಖು, ಗಂಟೆ. ಒಳಗಿನ ಚುಕ್ಕೆ ಒಂದೂಮುಕ್ಕಾಲು ದಿನಕ್ಕೆ, ಎರಡನೆಯದು ಮೂರೂವರೆ ದಿನಕ್ಕೆ, ಮೂರನೆಯದು ಏಳು ದಿನಕ್ಕೆ ಮರಳುವುದನ್ನು, ಹೊರಗಿನದು ಹದಿನೇಳನೆಯ ಸಂಜೆಗೆ ಮೊದಲ ಜಾಗದ ಹತ್ತಿರಕ್ಕೆ ಬರುವುದನ್ನು ಮಕ್ಕಳೇ ಕಂಡುಹಿಡಿಯಲಿ, ಮುಂಚಿತವಾಗಿ ಹೇಳಬೇಡಿರಿ. ಮೋಡ ಮುಚ್ಚಿದ ಸಂಜೆ ‘ಮೋಡ’ ಎಂದೇ ಬರೆಯಲಿ. ಒಂದು ಸಂಜೆ ಮೂರೇ ಚುಕ್ಕೆ ಕಂಡರೆ ನಾಲ್ಕನೆಯದನ್ನು ಊಹಿಸಿ ಹಾಕದೆ, ಅದು ಗುರುವಿನ ಹಿಂದಿದೆಯೋ ಮುಂದಿದೆಯೋ ಎಂದು ಮರುದಿನದ ಚಿತ್ರವನ್ನು ನೋಡಿ ವಾದಿಸಲಿ.